ನಾನಿ ಕಟ್ಟಿದ ವರ್ಷಗಳು

ಶಹಾಪುರದ ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿ ಮುಂದೆ ಹಾಯುವಾಗ ಕಾಚು, ಲವಂಗ, ಒದ್ದೆ ಎಲೆಯ ವಾಸನೆ ಮೂಗಿಗೆ ತಾಗಿದರೆ ಸಾಕು, ನಾನು ಗೋಗಿಯಲ್ಲಿ ನಾನಿಯ ಪಡಸಾಲೆಯಲ್ಲಿ ಕೂತಿರುತ್ತೇನೆ. ನಾನಿ ಅಂದರೆ ಅಮ್ಮನ ತಾಯಿ, ಫಾತಿಮಾ. ಆ ಮನೆ ಬಿದ್ದು ಎಷ್ಟೋ ಕಾಲವಾಯಿತು. ಅಲ್ಲಿ ಒಳಗೆ ದಖನಿ ಮಾತು, ಹೊಸ್ತಿಲು ದಾಟಿದರೆ ಕನ್ನಡ. ಹಾಗಾಗಿ ನೆನಪಿಗೂ ನಮಗೆ ಎರಡು ಹೆಸರು: ನಾನಿಗೆ ಅದು ‘ಯಾದ್’, ಪಕ್ಕದ ಮನೆಯ ಗೌರಮ್ಮನಿಗೆ ‘ನೆಪ್ಪು’. ಕನ್ನಡ ಟೀಚರ್ ಆದಮೇಲೆ ನನಗೆ ನಿಘಂಟು ಕೆದಕುವ ಚಟ ಹತ್ತಿತು. ನೆಪ್ಪು ಅಂದರೆ ಬಾಯಿಂದ ಬಾಯಿಗೆ ಸವೆದ ನೆನಪೇ. ಯಾದ್ ಪಾರಸಿಯಿಂದ ಬಂದದ್ದು. ಕಿರಾಣಿ ಅಂಗಡಿಗೆ ಒಯ್ಯುವ ‘ಯಾದಿ’ಯೂ ಅದರ ಮನೆತನದ್ದೇ. ಗುರುತಿಗೆ ನಾವು ಅನ್ನುವ ‘ಖೂನ’ ಮರಾಠಿ ಕಡೆಯದು. ಇವನ್ನೆಲ್ಲ ಪುಸ್ತಕದಿಂದ ಕಲಿತೆ. ಒಂದು ಪದವನ್ನು ಮಾತ್ರ ತಪ್ಪು ಮಾಡಿ ಕಲಿತೆ.

ಹುಟ್ಟುಹಬ್ಬಕ್ಕೆ ಉರ್ದುವಿನಲ್ಲಿ ‘ಸಾಲ್‌ಗಿರಹ್’ ಅನ್ನುತ್ತಾರೆ. ಸಾಲ್ ಅಂದರೆ ವರ್ಷ, ಗಿರಹ್ ಅಂದರೆ ಗಂಟು. ಹಿಂದೆ ಮಗುವಿನ ಹೆಸರಲ್ಲಿ ಕೆಂಪು ದಾರ ತೆಗೆದಿಟ್ಟು ವರ್ಷಕ್ಕೊಂದು ಗಂಟು ಹಾಕುತ್ತಿದ್ದರಂತೆ. ಓದುಬರಹ ಬಾರದ ನಾನಿ ಆ ಪದ್ಧತಿ ಬಿಟ್ಟಿರಲಿಲ್ಲ. ಮೊಮ್ಮಕ್ಕಳೆಲ್ಲರ ದಾರಗಳು ಅವಳ ಎಲೆಡಬ್ಬಿಯ ತಳದಲ್ಲಿದ್ದವು. ನನ್ನದರಲ್ಲಿ ಎಂಟು ಗಂಟು. ಆ ದಾರಗಳ ನಡುವೆ ಬಣ್ಣಗೆಟ್ಟ ಹಳೆಯದೊಂದೂ ಇತ್ತು. ಯಾರದೆಂದು ನಾನು ಕೇಳಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಬಟ್ಟೆಗೊಂಬೆಯ ಜಡೆಗೆ ದಾರ ಬೇಕಾಗಿ ಅದನ್ನೇ ಎತ್ತಿಕೊಂಡೆ. ಉಗುರಿನಿಂದ ಒಂದೊಂದೇ ಗಂಟು ಬಿಚ್ಚಿ, ಎಂಜಲು ಹಚ್ಚಿ ನೀವಿ ನೆಟ್ಟಗೆ ಮಾಡಿದೆ. ಎಷ್ಟು ಬಿಚ್ಚಿದೆ ಎಂದು ಎಣಿಸುವ ಬುದ್ಧಿ ಎಲ್ಲಿತ್ತು?

ಗೊಂಬೆಯ ಜಡೆ ನೋಡಿ ನಾನಿ ದಾರವನ್ನು ಬಿಚ್ಚಿಕೊಂಡು ಬೆರಳಲ್ಲಿ ಗಂಟು ತಡಕಿದಳು. ಅದು ಅವಳ ಮೊದಲ ಮಗಳು ಹಲೀಮಾಳ ದಾರ. ನನ್ನ ಅಮ್ಮ ಹುಟ್ಟುವ ಮೊದಲೇ ಜ್ವರದಲ್ಲಿ ತೀರಿಕೊಂಡ ಮಗು. ಫೋಟೊ ಇಲ್ಲ, ಕಾಗದ ಇಲ್ಲ, ಆಕೆ ಬದುಕಿದ್ದಳು ಅನ್ನುವುದಕ್ಕೆ ಆ ಗಂಟುಗಳೇ ಖೂನ. ದಾರ ಇದೆಯಲ್ಲ ಎಂದು ನಾನಿ ಎಣಿಕೆಯನ್ನು ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾರ ಹಿಡಿದು ಗೌರಮ್ಮನ ಮನೆಗೆ ನಡೆದಳು. ನಾನು ಅಳುತ್ತ ಹಿಂದೆ ಹೋದೆ.

“ಗೌರಕ್ಕಾ, ನಮ್ ಹಲೀಮಾ ಹೋಗೂಮುಂದ ಎಷ್ಟ್ ವರ್ಷದಾಕಿ ಇದ್ಲು? ನಿನಗರ ನೆಪ್ಪದ ಏನು?”

ಗೌರಮ್ಮ ಹಸನು ಮಾಡುತ್ತಿದ್ದ ಜೋಳದ ಮೊರ ಪಕ್ಕಕ್ಕೆ ಸರಿಸಿದಳು. “ಅಕಿ ಮುಂದಿನ ಹಲ್ಲು ಬಿದ್ದಿತ್ತು ನೋಡು, ನಮ್ ಮಾಳಿಗಿ ಮ್ಯಾಲೇ ಒಗದಿದ್ಲು. ಹೊಸಾದು ಇನ್ನಾ ಬಂದಿದ್ದಿಲ್ಲ. ನಮ್ ಶಾಂತಾಗಿಂತ ವರ್ಷ ಸಣ್ಣಾಕಿ. ಶಾಂತಾಗ ಆಗ ಏಳು. ಅಂದ್ರ ಅಕಿಗೆ ಆರು.”

ನಾನಿ ಅಲ್ಲೇ ಕೂತು ಒಂದೊಂದೇ ಗಂಟು ಹಾಕಿದಳು. ಪ್ರತಿ ಗಂಟಿಗೂ ‘ಬಿಸ್ಮಿಲ್ಲಾ’ ಅಂದಳು. ಆರು ಮುಗಿದರೂ ದಾರ ಕೆಳಗಿಡಲಿಲ್ಲ. ಬೆರಳುಗಳು ಮುಂದಿನ ಜಾಗ ಹಿಡಿದೇ ಇದ್ದವು. ಆಮೇಲೆ ಮಕ್ಕಳು ಬೆಲ್ಲ ಕೇಳುವ ದನಿಯಲ್ಲಿ, “ಗೌರಕ್ಕಾ, ಏಳು ಇರಬಹುದೇನು?” ಎಂದಳು.

ಲೆಕ್ಕದಲ್ಲಿ ಗೌರಮ್ಮನನ್ನು ಸೋಲಿಸಿದವರು ಗೋಗಿಯಲ್ಲಿ ಯಾರೂ ಇರಲಿಲ್ಲ. ಆಕೆ ಮೊರವನ್ನು ಮತ್ತೆ ಎಳೆದುಕೊಂಡು ತಲೆ ಬಗ್ಗಿಸಿ ಹರಳು ಆರಿಸತೊಡಗಿದಳು. “ಹೌದು ಫಾತಿಮಾ, ಏಳೇ. ನಾನೇ ತಪ್ಪೀನಿ. ಹಾಕು.”

ಇಬ್ಬರೂ ಈಗಿಲ್ಲ. ದಾರ ನನ್ನ ಬಳಿ ಇದೆ. ಸತ್ಯ ತಿಳಿದವಳು ಉಳಿದಿರುವುದು ನಾನೊಬ್ಬಳೇ. ಮೊನ್ನೆ ನನ್ನ ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು, “ಅಮ್ಮೀ, ಇವರು ಎಷ್ಟು ವರ್ಷ ಇದ್ರು?” ಎಂದು ಕೇಳಿದಳು.

ಏಳು ಎಂದೆ.