ಮೊಣಕಾಲಿನ ಲೆಕ್ಕ

ನಮ್ಮತ್ತೆ ಕುಂದಾಪುರದ ಹೊಳೆಯಲ್ಲಿ ಬಳಚು ಹೆಕ್ಕಿ ಬೆಳೆದವರು. ಬಳಚು ಅಂದರೆ ಮರಳು, ಕೆಸರಲ್ಲಿ ಹುದುಗಿರುವ ಕಪ್ಪೆಚಿಪ್ಪು. ಅದರ ಸುಕ್ಕದ ಮುಂದೆ ನಾನು ಮಾಡಿದ ಯಾವ ಅಡುಗೆಯೂ ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ನಾನು ಹುಟ್ಟಿದ್ದೇ ಡೊಂಬಿವಲಿ ಶಹರದ ಬಿಲ್ಡಿಂಗಿನಲ್ಲಿ. ಅದಕ್ಕೇ ನನ್ನನ್ನು 'ನಲ್ಲಿ ನೀರಿನ ಹೆಣ್ಣು' ಎಂದು ಛೇಡಿಸುತ್ತಿದ್ದರು.

ಐರೋಲಿಯ ನಮ್ಮ ಮನೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ಅವರಿಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಫ್ಲೆಮಿಂಗೊ ಹಕ್ಕಿಗಳನ್ನು ತೋರಿಸಲು ಕರೆದುಕೊಂಡು ಹೋದೆ. ಅದು ಸಂರಕ್ಷಿತ ಜಾಗ. ಕೆಸರಿಗೆ ಇಳಿಯಬಾರದೆಂದು ದೊಡ್ಡ ಬೋರ್ಡೇ ಇದೆ. ಅತ್ತೆ ಹಕ್ಕಿಗಳ ಕಡೆ ನೋಡಲೇ ಇಲ್ಲ. ನೀರಿಳಿದ ಕೆಸರಿನಲ್ಲಿ ಬಳಚಿನ ತೂತುಗಳನ್ನು ಕಂಡವರೇ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಜೆಟ್ಟಿಯ ಮೆಟ್ಟಿಲು ಇಳಿದರು.

"ಅತ್ತೆ, ಇಲ್ಲಿ ಇಳಿಯೋ ಹಾಗಿಲ್ಲ. ಗಾರ್ಡ್ ಬಂದ್ರೆ ನನ್ನ ಮರ್ಯಾದೆ ಹೋಗತ್ತೆ."

"ಹೊಳಿಗೂ ಬೀಗ ಹಾಕ್ತ್ರಾ? ಒಂದ್ ಪದಾರ್ಥಕ್ಕ್ ಆಪಷ್ಟ್ ಬಳಚ್ ಹೆಕ್ಕಿ ಬತ್ತೆ."

ಸ್ವಲ್ಪ ಹೊತ್ತಿಗೆ ನೀರು ತಿರುಗಿತು. ಏರುತ್ತಿದೆ ಎಂದು ಕೂಗಿದೆ. "ಮೊಣಕಾಲಿಗ್ ಬರ್ಲಿ, ಆಮೇಲ್ ಏಳ್ತೆ" ಎಂದರು.

ಊರಿನಲ್ಲಿ ಅದೇ ಲೆಕ್ಕ. ಅಲ್ಲಿ ಉಬ್ಬರ ಸಾವಕಾಶವಾಗಿ ಬರುತ್ತದೆ, ಕಾಲಡಿ ಮರಳಿರುತ್ತದೆ. ನಮ್ಮ ಖಾಡಿಯ ಉಬ್ಬರ ಆಳೆತ್ತರ ಮೀರಿ ಏರುತ್ತದೆ, ತಳದಲ್ಲಿ ಬರೀ ಕೆಸರು. ನೀರು ಮೊಣಕಾಲಿಗೆ ಬಂತು, ಅತ್ತೆ ಹೊರಡಲು ನೋಡಿದರು, ಕಾಲು ಬರಲಿಲ್ಲ. ಎಳೆದಷ್ಟೂ ಹೂತುಹೋಗುತ್ತಿತ್ತು. ಮೆಟ್ಟಿಲಿನಿಂದ ನಾಲ್ಕು ಹೆಜ್ಜೆ ದೂರ, ಅಷ್ಟೇ. ಮರ್ಯಾದೆ ಹಾಳಾಗಿ ಹೋಗಲಿ ಎಂದು ಗಾರ್ಡನ್ನು ನಾನೇ ಕೂಗಿ ಕರೆದೆ.

ಅವನು ಓಡಿ ಬಂದ. ಬೋಟು ಆಚೆ ದಡದಲ್ಲಿತ್ತು, ಅದು ಬರುವವರೆಗೆ ನೀರು ಕಾಯುವಂತಿರಲಿಲ್ಲ. "ಮಾವ್ಶಿ, ಸಾಡಿ ಖೋಲೋ, ಇಧರ್ ಫೇಕೋ. ಪೇಟ್ ಪೇ ಲೇಟ್ ಜಾವೋ" ಎಂದ. ಸೀರೆ ಬಿಚ್ಚಿ ಎಸೆದು ಹೊಟ್ಟೆಯ ಮೇಲೆ ಮಲಗಬೇಕು, ಸೀರೆಯೇ ಹಗ್ಗವಾಗಬೇಕಿತ್ತು. ಅತ್ತೆಗೆ ಅಷ್ಟು ಹಿಂದಿ ಅರ್ಥವಾಗುತ್ತದೆ. ಸೊಂಟದವರೆಗೆ ನೀರು ಬಂದಿದ್ದರೂ ಮಡಿಲಿನ ಬಳಚನ್ನು ಒತ್ತಿ ಹಿಡಿದು ತಲೆ ಅಲ್ಲಾಡಿಸಿದರು.

"ಗಂಡ್ಸ್ರ್ ಎದ್ರಿಗಾ? ಆತಿಲ್ಲೆ."

ಮದುವೆಯಾದಾಗಿನಿಂದ ಅವರಿಗೆ ಎದುರಾಡಿದವಳಲ್ಲ ನಾನು. ನುಂಗಿಕೊಂಡದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು. "ಬಿಚ್ಚಿ ಅಂದ್ರೆ ಬಿಚ್ಚಿ. ಹೆಣ ತಗೊಂಡು ಹೋಗಿ ನಿಮ್ಮ ಮಗನಿಗೆ ಏನಂತ ಹೇಳ್ಲಿ?" ಎಂದು ಗಂಟಲು ಹರಿಯುವಂತೆ ಕಿರುಚಿದೆ.

ಅತ್ತೆ ನನ್ನನ್ನು ಒಮ್ಮೆ ನೋಡಿ ಗಂಟು ಸಡಿಲಿಸಿದರು. ಬಳಚೆಲ್ಲ ನೀರಿಗೆ ಬಿತ್ತು. ಅವರು ಎಸೆದ ಸೆರಗು ಮೊದಲ ಸಲ ನನಗೆ ಎಟುಕಲಿಲ್ಲ. ಇನ್ನೊಮ್ಮೆ ಎಸೆದಾಗ ಹಿಡಿದೆ. ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಅವರು ನೀರಿನ ಮೇಲೆ ಹೊಟ್ಟೆಯಡಿ ಮಾಡಿ ಮಲಗಿದರು. ಗಾರ್ಡ್ ಅದನ್ನು ಹೆಗಲ ಮೇಲೆ ಹಾಕಿಕೊಂಡು, ಅವರಿಗೆ ಬೆನ್ನು ತಿರುಗಿಸಿ ಎಳೆದ. ಅವರು ಮೆಟ್ಟಿಲು ತಲುಪುವವರೆಗೂ ಅವನು ತಿರುಗಿ ನೋಡಲಿಲ್ಲ. ನನ್ನ ದುಪಟ್ಟಾ ಹೊದಿಸಿ, ರಿಕ್ಷಾದಲ್ಲಿ ಕೂರಿಸಿಕೊಂಡು ಮನೆಗೆ ಬಂದೆ.

ಬಚ್ಚಲಲ್ಲಿ ಕೂರಿಸಿ, ಕಾಲಿನ ಕೆಸರು ತೊಳೆಯಲು ಬಕೆಟ್ ಇಟ್ಟು ನಲ್ಲಿ ಬಿಟ್ಟೆ. ಬೈದದ್ದಕ್ಕೆ ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅತ್ತೆ ಮಾತ್ರ ಬಕೆಟನ್ನೇ ನೋಡುತ್ತಿದ್ದರು. ನೀರು ಅರ್ಧಕ್ಕೆ ಏರಿದಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಲ್ಲಿ ನಿಲ್ಸ್ ಮಗಾ" ಎಂದರು.