ನನಗೆ ಬಂದದ್ದು ಕತ್ತೆಯ ಪಾತ್ರ

ಆ ಶನಿವಾರ ಮಧ್ಯಾಹ್ನ ಐವರ್ನಾಡಿನ ತಾಯಿಮನೆಗೆ ಹೋಗಿ ಮುಟ್ಟುವಾಗ ನನಗೆ ಒಂದು ಚಾಪೆ ಸಿಕ್ಕಿದರೆ ಸಾಕಿತ್ತು. ಬೆಳಿಗ್ಗೆ ಪುತ್ತೂರಿನಲ್ಲಿ ಶಾಲೆ, ಪಾಠ ಮುಗಿದ ಮೇಲೆ ಪೋಷಕರ ಸಭೆ, ಅಲ್ಲಿಂದ ಬೆಳ್ಳಾರೆಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದದ್ದು. ಮರುದಿನ ತಮ್ಮನಿಗೆ ಕಡಬದ ಹತ್ತಿರ ಹುಡುಗಿ ನೋಡಲಿಕ್ಕಿತ್ತು. ಅವನಿಗೆ ಮೂವತ್ತೆಂಟು. ರಬ್ಬರ್ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವನಿಗೆ ಹೆಣ್ಣು ಕೊಡುವವರು ಈಗ ನಮ್ಮ ಕಡೆ ಕಡಿಮೆ. ಎಷ್ಟು ಮನೆಗೆ ಹೋಗಿ ಬಂದೆವೋ ಲೆಕ್ಕ ಇಟ್ಟಿಲ್ಲ. ಎಲ್ಲ ಕಡೆಯೂ ಅವನು ಕುರ್ಚಿಯ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದ, ನಾನು ಮಾತಾಡುತ್ತಿದ್ದೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಎರಡು ಚೂಡಿದಾರಿನಲ್ಲಿ ಸುಳ್ಯದ ಕಾಲೇಜು ಮುಗಿಸಿದೆ. ಆ ಪದವಿಯ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವ ಅಗತ್ಯವೂ ಕಂಡಿಲ್ಲ. ಆದರೆ ಅದು ಕೈಗೆ ಬಂದ ದಿನದಿಂದ ಮನೆಯ ಮಾತೆಲ್ಲ ನನ್ನ ತಲೆಗೆ ಬಂತು. ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಕರೆಂಟಿನವರ ಹತ್ತಿರ, ಎಲ್ಲಿಗೆ ಹೋದರೂ ಅಮ್ಮ ಹಿಂದೆ ಸರಿದು ನನ್ನನ್ನು ಮುಂದೆ ದೂಡುತ್ತಾಳೆ. “ಅವಳು ಕಲಿತವಳು, ಅವಳೇ ಹೇಳ್ಲಿ.” ದಿನವಿಡೀ ತರಗತಿಯಲ್ಲಿ ಮಾತಾಡಿ ಬಂದವಳಿಗೆ ಮಾತೂ ಒಂದು ಹೊರೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಚಾಪೆ ಸಿಕ್ಕಿತು, ಆದರೆ ಮಲಗಲಿಕ್ಕೆ ಅಲ್ಲ. ಜೊತೆಗೆ ಬಂದಿದ್ದ, ಪಿಯುಸಿ ಓದುವ ನನ್ನ ಮಗಳು ಗೆಳತಿಯರಿಂದ ಒಂದು ಆಟ ಕಲಿತಿದ್ದಳು, ಅದನ್ನು ಅಜ್ಜಿಯ ಮನೆಯಲ್ಲಿ ಆಡಿಸಿಯೇ ಸಿದ್ಧ ಎಂದು ಹಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಕತೆ ನಡೆಸುವವಳು ಅವಳು. ನಾವು ಪಾತ್ರವಾಗಿಯೇ ಮಾತಾಡಬೇಕು, ಮಾತಾಡಿ ದಾಳ ಹಾಕಬೇಕು. ಐದೋ ಆರೋ ಬಿದ್ದರೆ ಹೇಳಿದ್ದು ನಡೆಯುತ್ತದೆ, ಕಡಿಮೆ ಬಿದ್ದರೆ ಏನಾದರೂ ನಗೆಪಾಟಲು ಆಗುತ್ತದೆ. ಪಾತ್ರಗಳನ್ನು ಚೀಟಿ ಎತ್ತಿಸಿ ಹಂಚಿದಳು. ಮನೆಯಲ್ಲಿ ನಮ್ಮದು ಸುಳ್ಯದ ಕಡೆಯ ಅರೆಭಾಷೆ. ಆಟವನ್ನು ಅವಳು ಕನ್ನಡದಲ್ಲಿ ಕಟ್ಟಿದ್ದರಿಂದ ಎಲ್ಲರೂ ಕನ್ನಡಕ್ಕೆ ಹೊರಳಿದೆವು.

ಅಮ್ಮನಿಗೆ ಬಂದದ್ದು ರಾಜವೈದ್ಯೆ. ಅವಳಿಗೆ ಗೊತ್ತಿರುವುದು ಒಂದೇ ಮದ್ದು, ಕುಡಿದವರಿಗೆ ಬಿಕ್ಕಳಿಕೆ ಹತ್ತುವ ಮದ್ದು. ತಮ್ಮ ಚೀಟಿ ಬಿಡಿಸಿ ನೋಡಿ, ಮಡಚಿ ನೆಲಕ್ಕಿಟ್ಟ.

“ಇದು ನನಗೆ ಬೇಡ. ಬದಲು ಕೊಡು.”

“ಬದಲಿಲ್ಲ ಮಾವ. ನೀವು ರಾಜದೂತ. ನಮ್ಮ ಕಡೆಯಿಂದ ಮಾತಾಡುದು ನೀವೇ.”

ನನಗೆ ಕತ್ತೆ. ಸಾಮಾನು ಹೊರುವ ಕತ್ತೆ, ಮಾತು ಬರುವುದಿಲ್ಲ. ಇಷ್ಟು ಒಳ್ಳೆಯ ಪಾತ್ರ ನನಗೆ ಯಾರೂ ಕೊಟ್ಟಿರಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿದೆ.

ಕತೆ ಹೀಗೆ: ಬೆಳ್ಳಾರೆಯಿಂದ ಪುತ್ತೂರಿಗೆ ಹೋಗುವ ದಾರಿಗೆ ಅಡ್ಡವಾಗಿ ಒಬ್ಬ ರಾಕ್ಷಸ ಕುಳಿತಿದ್ದಾನೆ. ಬಸ್ಸುಗಳೆಲ್ಲ ಸಾಲಾಗಿ ನಿಂತಿವೆ. ಸೂರ್ಯ ಮುಳುಗುವುದರೊಳಗೆ ಅವನನ್ನು ಎಬ್ಬಿಸಬೇಕು, ಇಲ್ಲದಿದ್ದರೆ ನಮ್ಮಲ್ಲಿ ಒಬ್ಬರನ್ನು ತಿನ್ನುತ್ತಾನೆ. ಮಗಳು ಸ್ವರ ದಪ್ಪ ಮಾಡಿದಳು.

“ಯಾರು ನೀವು? ಎಂತಕ್ಕೆ ಬಂದದ್ದು?”

ತಮ್ಮ ಅಭ್ಯಾಸದಂತೆ ನನ್ನ ಮುಖ ನೋಡಿದ. “ಅಕ್ಕ, ನೀನು ಹೇಳು.”

“ಕತ್ತೆ ಮಾತಾಡುದಿಲ್ಲ ಮಾವ.”

“ಅದು ಡಿಗ್ರಿ ಆದ ಕತ್ತೆ ಅಲ್ವಾ,” ಎಂದಳು ಅಮ್ಮ, “ಸ್ವಲ್ಪವಾದ್ರೂ ಮಾತಾಡ್ಲಿಕ್ಕೆ ಬಿಡು.”

“ಪಿಎಚ್‌ಡಿ ಆದ್ರೂ ಇಲ್ಲ ಅಜ್ಜಿ.”

ಅಮ್ಮನೇ ಮುಂದೆ ಬಂದಳು. “ಮೊದ್ಲು ಬೆಲ್ಲ ನೀರು ಕೊಡುವ. ನೀನು ಯಾವ ಮನೆಯವ ಮಾರಾಯ? ತಾಯಿಮನೆ ಮಂಡೆಕೋಲಿನ ಕಡೆಯಾ? ಹಾಗಾದ್ರೆ ನಮಗೆ ಎಲ್ಲಿಯಾದ್ರೂ ಸಂಬಂಧ ಬರ್ತದೆ.” ದಾಳ ಹಾಕಿದಳು. ಎರಡು. ನೀರಿನ ಬದಲು ಮದ್ದೇ ಹೋಗಿ ರಾಕ್ಷಸನಿಗೆ ಬಿಕ್ಕಳಿಕೆ ಹತ್ತಿತು, ಅವನು ಬಿಕ್ಕಿದಾಗಲೆಲ್ಲ ಒಂದೊಂದು ಬಸ್ಸು ಹಾರಿ ಚರಂಡಿಗೆ ಬಿತ್ತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಈಗ ತಮ್ಮನ ಸರದಿ. ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ. “ನಮ್ಮದು ಮರ್ಯಾದಸ್ಥ ಕುಟುಂಬ. ನಾನು ಪ್ರಗತಿಪರ ಕೃಷಿಕ. ಕೆಟ್ಟ ಅಭ್ಯಾಸ ಯಾವುದೂ ಇಲ್ಲ.”

ಅದು ನಾನು ಹುಡುಗಿಯರ ಮನೆಗಳಲ್ಲಿ ಹೇಳುವ ಮಾತು, ಅಕ್ಷರಕ್ಕಕ್ಷರ. ಅವನ ಬಾಯಲ್ಲಿ ಅದು ಬಾಡಿಗೆಯ ಅಂಗಿಯ ಹಾಗೆ ಇತ್ತು. ದಾಳ ಒಂದು ಬಿತ್ತು.

“ರಾಕ್ಷಸನಿಗೆ ಆಕಳಿಕೆ ಬಂತು,” ಎಂದಳು ಮಗಳು. “ಇದು ಯಾರೋ ಬರೆದು ಕೊಟ್ಟದ್ದು ಅಂತಾನೆ. ನಿನ್ನ ವಿಷಯ ಹೇಳು ಅಂತಾನೆ.”

ತಮ್ಮ ಬಹಳ ಹೊತ್ತು ಸುಮ್ಮನಿದ್ದ. ನನಗೆ ನಾಲಗೆ ತುರಿಸಿತು. ಆದರೆ ಕತ್ತೆ.

“ನನ್ನ ವಿಷಯ ಎಂತ ಉಂಟು,” ಎಂದ ಕೊನೆಗೆ. “ನಾಲ್ಕು ಗಂಟೆಗೆ ಏಳುದು, ತಲೆಗೆ ಲೈಟು ಕಟ್ಟಿ ತೋಟಕ್ಕೆ ಹೋಗುದು. ನಮ್ಮ ಮರ ಸ್ವಲ್ಪ, ಬೇರೆಯವರದ್ದೇ ಜಾಸ್ತಿ. ಅಂಗಿ ಎಷ್ಟು ಒಗೆದ್ರೂ ರಬ್ಬರಿನ ವಾಸನೆ ಹೋಗುದಿಲ್ಲ. ಮರಗಳ ಹತ್ತಿರ ಮಾತಾಡ್ಲಿಕ್ಕೆ ಇಲ್ಲ, ಹಾಗೆ ಅಭ್ಯಾಸ ತಪ್ಪಿದೆ. ಮೂರ್ಖ ಅಲ್ಲ ನಾನು. ಮಾತು ಬರ್ಲಿಕ್ಕೆ ಸ್ವಲ್ಪ ಟೈಮ್ ಬೇಕು, ಅಷ್ಟೆ. ಅಷ್ಟರಲ್ಲಿ ಅಕ್ಕ ಹೇಳಿ ಆಗಿರ್ತದೆ.”

ಅವನು ದಾಳ ಹಾಕಿದ. ಮೂರು. ಮಗಳು ಒಂದು ಕ್ಷಣ ದಾಳ ನೋಡಿ, “ರಾಕ್ಷಸ ಎದ್ದು ಹೋಗುದಿಲ್ಲ,” ಎಂದಳು, “ಆದ್ರೆ ಪಕ್ಕಕ್ಕೆ ಸರಿದು ನಿಮಗೆ ಕೂರ್ಲಿಕ್ಕೆ ಜಾಗ ಕೊಟ್ಟ. ಅಷ್ಟರಲ್ಲಿ ಸೂರ್ಯ ಮುಳುಗಿತು. ಅಜ್ಜಿಯನ್ನು ತಿಂದ.”

“ತಿನ್ಲಿ. ಅವನಿಗೇ ಶುಗರ್ ಬರ್ತದೆ,” ಎಂದು ಅಮ್ಮ ಚಹಾಕ್ಕೆ ನೀರಿಡಲು ಎದ್ದಳು.

ಚಹಾ ಕುಡಿದು ಲೋಟ ಕೆಳಗಿಡುವಾಗ ತಮ್ಮ ನನ್ನ ಕಡೆ ನೋಡದೆ ಹೇಳಿದ, “ನಾಳೆ ನೀನು ಬರುದು ಬೇಡ.”

“ಬೇಡ ಅಂದ್ರೆ? ಅಲ್ಲಿ ಮಾತಾಡುದು ಯಾರು?”

“ನೋಡುವ.”

ಅಮ್ಮ ಒಳಗಿನಿಂದ ಕೂಗಿದಳು, “ಇವನಿಗೆ ಮರ್ಲು ಹಿಡಿದಿದಾ? ಆಟ ಆಡಿದ್ದು ತಲೆಗೆ ಏರಿತಾ ಎಂತ?” ನನಗೆ ಖುಷಿಯಾಗಬೇಕಿತ್ತು. ವರ್ಷಗಳಿಂದ ನಾನು ಬಯಸಿದ್ದು ಇದನ್ನೇ, ಯಾರಾದರೂ ಒಮ್ಮೆ ನನ್ನನ್ನು ಬಿಟ್ಟುಬಿಡಲಿ ಎಂದು. ಬಿಟ್ಟಾಗ ಮಾತ್ರ ಎದೆಯೊಳಗೆ ಏನೋ ಚುಚ್ಚಿತು. ನಾನಿಲ್ಲದೆ ಇವರಿಂದ ಏನಾದೀತು ಎಂಬ ಹೆಮ್ಮೆಯೂ ನನ್ನ ಪದವಿಯ ಜೊತೆಗೇ ಬೆಳೆದಿತ್ತು.

ಆದಿತ್ಯವಾರ ಅಮ್ಮ, ತಮ್ಮ ಇಬ್ಬರೇ ರಿಕ್ಷಾ ಮಾಡಿಕೊಂಡು ಹೋದರು. ನಾನು ಚಾಪೆ ಹಾಸಿ ಮಲಗಿದೆ. ನಿದ್ದೆ ಬರಲಿಲ್ಲ. ಈಗ ಹುಡುಗಿಯ ಅಪ್ಪ ಆದಾಯ ಕೇಳಿರಬಹುದು, ಈಗ ಇವನು ನೆಲ ನೋಡುತ್ತಿರಬಹುದು ಎಂದು ಇಲ್ಲಿಂದಲೇ ಉತ್ತರಗಳನ್ನು ಜೋಡಿಸುತ್ತ ಬಿದ್ದಿದ್ದೆ. ಎದ್ದಾಗ ಮೈ ಇನ್ನಷ್ಟು ಭಾರವಾಗಿತ್ತು.

ಅವರು ಬಂದದ್ದು ಸಂಜೆ. ಅಮ್ಮ ಜಗಲಿಯಲ್ಲೇ ಕುಸಿದು ಕುಳಿತಳು. “ಎಲ್ಲ ಹೇಳಿಬಿಟ್ಟ ಮಾರಾಯ್ತಿ. ಬೇರೆಯವರ ಮರ, ಅಂಗಿಯ ವಾಸನೆ, ಎಲ್ಲ. ಆ ಹುಡುಗಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಇವ ಎಷ್ಟು ಹೊತ್ತು ಸುಮ್ಮನೆ ಕೂತ ಗೊತ್ತುಂಟಾ? ನನಗೆ ಬೆವರು ಬಂತು. ಅವಳು ಕಾದಳು, ಪಾಪ.”

“ಎಂತ ಹೇಳಿದ್ರು ಅವರು?” ಎಂದು ತಮ್ಮನನ್ನೇ ಕೇಳಿದೆ.

“ಫೋನ್ ಮಾಡ್ತೇವೆ ಹೇಳಿದ್ರು.”

“ಆಗ್ಬಹುದಾ?”

“ಆಗ್ಲಿಕ್ಕಿಲ್ಲ ಕಾಣ್ತದೆ.” ಅಂಗಿಯ ಗುಂಡಿ ಬಿಚ್ಚುತ್ತ ನಿಂತಿದ್ದ, ಮುಖದಲ್ಲಿ ಬೇಸರವೇನೂ ಇರಲಿಲ್ಲ. “ಇಷ್ಟು ಸಲ ಎಲ್ಲರೂ ಬೇಡ ಹೇಳಿದ್ದು ನೀನು ಹೇಳಿದ ಹುಡುಗನನ್ನು. ಈ ಸಲ ಬೇಡ ಹೇಳುದಾದ್ರೆ ನನ್ನನ್ನೇ ಹೇಳ್ಲಿ.”

ಇಷ್ಟರವರೆಗೆ ಎಲ್ಲ ಮನೆಗಳಿಗೂ ಕೊಟ್ಟದ್ದು ನನ್ನ ನಂಬರು. ಸ್ಟಾಫ್ ರೂಮಿನ ಮೂಲೆಗೆ ಹೋಗಿ ಅವರ ‘ಇಲ್ಲ’ವನ್ನು ಕೇಳಿಸಿಕೊಂಡು, ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಮನೆಗೆ ತಿಳಿಸುವುದೂ ನನ್ನದೇ ಕೆಲಸವಾಗಿತ್ತು.

“ಯಾರ ನಂಬರ್ ಕೊಟ್ಟೆ?” ಎಂದೆ.

“ನನ್ನದು,” ಎಂದ. ಫೋನನ್ನು ಚಾರ್ಜಿಗೆ ಹಾಕಿ, ಬೈರಾಸು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.