ಚಿಂಪಾಂಜಿಗೊಂದು ಗುಡ್ ಮಾರ್ನಿಂಗ್

ಬೆಳಿಗ್ಗೆ ಎದ್ದೊಡನೆ ನನ್ನ ಮೊದಲ ಕೆಲಸ, ಬಾಗಿಲ ಸಂದಿಗೆ ತುರುಕಿದ ಒದ್ದೆ ಟವೆಲನ್ನು ಎಳೆದು ತೆಗೆಯುವುದು. ರಾತ್ರಿಯಿಡೀ ಮರುಭೂಮಿ ನಮ್ಮ ಮನೆಯೊಳಕ್ಕೆ ಬರಲು ನೋಡಿದ ಗುರುತು ಅದರ ಮೇಲೆ ಅಚ್ಚುಕಟ್ಟಾದ ಕಂದು ಗೆರೆಯಾಗಿ ಕೂತಿರುತ್ತದೆ. ಆಮೇಲೆ ಏಸಿಯಿಂದ ತೊಟ್ಟಿಕ್ಕಿದ ಬಕೆಟ್ ನೀರನ್ನು ಬಾಲ್ಕನಿಯ ತುಳಸಿಗೆ ಸುರಿಯಬೇಕು. ಏಸಿ ನೀರು ಕುಡಿದೇ ಬೆಳೆದ ತುಳಸಿ ಅದು. ಊರಿನ ತುಳಸಿಗಿಂತ ಜಂಬ ಸ್ವಲ್ಪ ಜಾಸ್ತಿ. ಆ ಶುಕ್ರವಾರವೂ ಇದೆಲ್ಲ ನಡೆಯಿತು. ಆದರೆ ಕಾಫಿ ಸೋಸುವಾಗಲೂ ನನಗೆ ಸಂಜೆಯದೇ ಯೋಚನೆ. ದೋಹಾದ ಮುಐದರ್ ಬಡಾವಣೆಯ ನಮ್ಮ ಮನೆಗೆ ಸಂಜೆ ಫೋಟೋ ನೋಡಲು ಜನ ಬರುವವರಿದ್ದರು. ನಾನು ಕಾಡಿನಲ್ಲಿ ಚಿಂಪಾಂಜಿ ನೋಡಿದ್ದು ನಿಜವೆಂದು ಅವರಲ್ಲಿ ಒಬ್ಬರಾದರೂ ನಂಬಬೇಕು ಎಂಬುದು ನನ್ನ ಹಟ. ಯಾಕೆಂದರೆ, ಕಟ್ಟಿಕೊಂಡ ಗಂಡನೇ ನಂಬಿರಲಿಲ್ಲ.

ತೊಂಬತ್ತರ ದಶಕದ ದೋಹಾದಲ್ಲಿ ನಮ್ಮ ಕನ್ನಡದವರ ನಡುವೆ ಒಂದು ಕಾನೂನಿತ್ತು. ರಜೆಯಲ್ಲಿ ಊರು ಬಿಟ್ಟು ಬೇರೆಲ್ಲಿಗೆ ಹೋಗಿಬಂದರೂ ರೋಲ್ ತೊಳೆಸಿ, ಆಲ್ಬಮ್ ಮಾಡಿ, ನಾಲ್ಕು ಜನರನ್ನು ಕರೆದು ತೋರಿಸಬೇಕು. ಬಂದವರು ಬೋಂಡಾ ತಿಂದು "ಚೆನ್ನಾಗಿ ಬಂದಿದೆ" ಎನ್ನಬೇಕು. ಅಲ್ಲಿಗೆ ಪ್ರವಾಸ ಊರ್ಜಿತ. ತೋರಿಸದಿದ್ದರೆ ಹೋಗಲೇ ಇಲ್ಲವೆಂದು ಲೆಕ್ಕ.

ನಾವು ಹೋದದ್ದು ಉಗಾಂಡಾಕ್ಕೆ. ಇವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಅಲ್ಲಿಗೆ ಹೋಗಿ ನೆಲೆಸಿ, ಮಳೆಕಾಡಿನಲ್ಲಿ ಚಿಂಪಾಂಜಿ ತೋರಿಸುತ್ತೇನೆ ಬನ್ನಿ ಎಂದು ಕರೆದಿದ್ದರು. ಅತ್ತೆ ಮೈಸೂರಿನಿಂದ ಫೋನಿನಲ್ಲೇ ಹಣೆ ಚಚ್ಚಿಕೊಂಡರು. "ಮಂಗ ನೋಡೋಕೆ ಅಷ್ಟು ದೂರ ಯಾಕಮ್ಮ? ಚಾಮುಂಡಿ ಬೆಟ್ಟಕ್ಕೆ ಬಾ, ಕೈಯಲ್ಲಿರೋ ಹಣ್ಣುಕಾಯೂ ಹೊತ್ಕೊಂಡು ಹೋಗುತ್ತೆ."

ಚಿಂಪಾಂಜಿ ಮಂಗವಲ್ಲ, ಅದಕ್ಕೆ ಬಾಲವಿಲ್ಲ ಎಂದು ಕಾನ್ವೆಂಟಿನಲ್ಲಿ ಕಲಿತದ್ದನ್ನು ಒಪ್ಪಿಸಿದೆ.

"ಬಾಲ ಇಲ್ಲದ್ದನ್ನ ನೋಡೋಕೆ ಮನೇಲಿದ್ರೆ ಸಾಲದಾ?" ಎಂದರು. ಹೇಳಿದ್ದು ಮಗನ ತಾಯಿಯೇ! ಬಾಲವಿರುವವಕ್ಕೆ ಮಂಗ, ಕೋತಿ, ಕೋಡಗ, ಮುಸುವ ಎಂದು ಧಾರಾಳವಾಗಿ ಹೆಸರಿಟ್ಟ ನಮ್ಮ ಹಿರಿಯರು ಬಾಲವಿಲ್ಲದ್ದಕ್ಕೆ ಒಂದು ಹೆಸರನ್ನೂ ಬಿಟ್ಟುಹೋಗಲಿಲ್ಲ. ಬಹುಶಃ ಅವರಿಗೂ ಅತ್ತೆಯ ಅಭಿಪ್ರಾಯವೇ ಇತ್ತೇನೋ.

ಕಾಡಿನ ಬಾಗಿಲಲ್ಲಿ ಗೈಡ್ ನಿಯಮ ಹೇಳಿದ. ನೆಗಡಿಯಾದವರು ಒಳಗೆ ಹೋಗುವಂತಿಲ್ಲ. ನಮ್ಮ ನೆಗಡಿ ಅಂಟಿದರೆ ಚಿಂಪಾಂಜಿಯ ಪ್ರಾಣಕ್ಕೇ ಸಂಚಕಾರ. ನಾನೋ, ಮಳೆಕಾಡಿನ ತೇವಕ್ಕೆ ಶೀತವಾದೀತೆಂದು ಬೆಳಿಗ್ಗೆಯೇ ಮೂಗಿಗೆ, ಕತ್ತಿಗೆ, ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಸವರಿ, ಕಿವಿಗೆ ಹತ್ತಿ ಇಟ್ಟುಕೊಂಡು ಸಜ್ಜಾಗಿದ್ದೆ. ಶೀತ ಬರುವ ಮೊದಲೇ ಮದ್ದು ಹಚ್ಚುವುದು ನಮ್ಮ ಮನೆಯ ಕ್ರಮ. ಗೈಡ್ ಗಾಳಿ ಮೂಸಿ, ಇಂಗ್ಲಿಷಿನಲ್ಲಿ, "ಮೇಡಂ, ನಿಮಗೆ ನೆಗಡಿ" ಎಂದ. ಇಲ್ಲಪ್ಪ, ಬರದಿರಲಿ ಅಂತ ಹಚ್ಚಿದ್ದು ಎಂದೆ. ಬಾರದ ರೋಗಕ್ಕೆ ಔಷಧ ಹಾಕುವ ಜನರನ್ನು ಅವನು ಕಂಡಿರಲಿಲ್ಲ. ಕಿವಿಯ ಹತ್ತಿಯತ್ತ ಬೆರಳು ತೋರಿಸಿ, ಅಲ್ಲೇ ಇದ್ದ ಅರಣ್ಯ ಕಚೇರಿಯತ್ತ ಕೈ ಮಾಡಿದ.

ಇವರು ನನ್ನನ್ನೊಮ್ಮೆ, ಕ್ಯಾಮೆರಾವನ್ನೊಮ್ಮೆ ನೋಡಿದರು. "ನೀನು ಇಲ್ಲೇ ಕೂತಿರು, ನಾನು ನೋಡ್ಕೊಂಡು ಬಂದು ಹೇಳ್ತೀನಿ" ಎಂದು ಹೊರಟೇಬಿಟ್ಟರು.

ಕಚೇರಿಯ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತೆ. ಇರುವೆ ಹತ್ತಬಾರದೆಂದು ಚೂಡಿದಾರದ ಕಾಲುಗಳನ್ನು ಇವರ ಫುಟ್‌ಬಾಲ್ ಕಾಲುಚೀಲದೊಳಗೆ ತುರುಕಿದ್ದೆ. ನೋಡುವವರು ಯಾರೂ ಇಲ್ಲವೆಂಬುದೊಂದೇ ಸಮಾಧಾನ. ಎದುರಿನ ಮರದಿಂದ ಏನೋ ಉದುರಿತೆಂದು ತಲೆ ಎತ್ತಿದರೆ, ಕೊಂಬೆಯ ಮೇಲೆ ಅದು! ಅತ್ತಿಹಣ್ಣಿನಂಥದೊಂದನ್ನು ಬೆರಳ ನಡುವೆ ಹಿಡಿದು, ಹಣ್ಣಾಗಿದೆಯೋ ಇಲ್ಲವೋ ಎಂದು ಒತ್ತಿ ನೋಡುತ್ತಿತ್ತು. ತರಕಾರಿ ಅಂಗಡಿಯಲ್ಲಿ ನಾನು ಟೊಮೆಟೊ ಒತ್ತುವುದೂ ಹಾಗೆಯೇ, ಅದೇ ಅನುಮಾನದ ಮುಖದಲ್ಲಿ. ಆಮೇಲೆ ಅದು ನನ್ನನ್ನು ನೋಡಿತು.

ಹಿರಿಯರು ಎದುರಾದರೆ ಎದ್ದು ನಿಲ್ಲಬೇಕು ಎಂಬುದನ್ನು ಕಾನ್ವೆಂಟಿನ ಸಿಸ್ಟರುಗಳು ನಮ್ಮ ಮಂಡಿಗಳಿಗೇ ಕಲಿಸಿಬಿಟ್ಟಿದ್ದರು. ಎದ್ದು ನಿಂತೆ. ಬಾಯಿ ತಾನಾಗಿ ರಾಗ ಎಳೆಯಿತು: "ಗುಡ್ ಮಾರ್ನಿಂಗ್..." ಮುಂದಿನ "ಸಿಸ್ಟರ್" ಅನ್ನು ಹೇಗೋ ನುಂಗಿಕೊಂಡೆ. ಅದು ನಿಧಾನವಾಗಿ ಕಂಕುಳು ಕೆರೆದುಕೊಂಡು, ಹಣ್ಣನ್ನು ಬಾಯಿಗೆ ಹಾಕಿಕೊಂಡು, ಎಲೆಗಳೊಳಗೆ ಹೊರಟುಹೋಯಿತು. ನಾನು ಇನ್ನೂ ನಿಂತೇ ಇದ್ದೆ. ಕೂತುಕೋ ಎಂದು ಯಾರೂ ಹೇಳಿರಲಿಲ್ಲವಲ್ಲ.

ಕೆಸರು ಮೆತ್ತಿಕೊಂಡು ಮರಳಿದ ಇವರಿಗೆ ಹೇಳಿದೆ. "ನೀಲಗಿರಿ ಎಣ್ಣೆ ತಲೆಗೆ ಏರಿದೆ" ಎಂದರು. ಚಿಂಪಾಂಜಿಗಳು ಇತ್ತ ಬರುವುದೇ ಇಲ್ಲವೆಂದು ಗೈಡ್ ನಕ್ಕ. ದಾರಿಯುದ್ದಕ್ಕೂ ಇವರು ತಾವು ಕೇಳಿ ತಿಳಿದದ್ದನ್ನು ಬೋಧಿಸಿದರು: ಚಿಂಪಾಂಜಿ ಪ್ರತಿ ಸಂಜೆ ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತದಂತೆ, ಬೆಳಿಗ್ಗೆ ಹಾಗೇ ಬಿಟ್ಟು ಹೋಗುತ್ತದಂತೆ. ದಿನಾ ಹಾಸಿಗೆ ಕೊಡವಿ ಮರಳು ಗುಡಿಸುವ ನನಗೆ, ಮನುಷ್ಯರಾಗುವ ಆತುರದಲ್ಲಿ ನಾವು ಏನೆಲ್ಲ ಕಳೆದುಕೊಂಡೆವಲ್ಲ ಎನಿಸಿತು.

ಆ ಶುಕ್ರವಾರ ಸಂಜೆ ದೋಹಾದ ಮನೆಗೆ ಮೈಸೂರು ಕಡೆಯ ರಾವ್ ದಂಪತಿ ಬಂದರು. ಮಹಡಿಯ ಮೇಲಿನ ಮನೆಯ ಉಡುಪಿಯ ವಿಮಲಕ್ಕನೂ ಬಂದರು. ಆಲ್ಬಮ್ಮಿನ ತುಂಬ ಹಸಿರು, ಹಸಿರಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ. ಇವರು ನನ್ನ ಹೆಣಿಗೆ ಕಡ್ಡಿ ಹಿಡಿದು, "ಇದು ಬೆನ್ನು, ಇದು ಇನ್ನೊಂದರ ಬೆನ್ನು" ಎಂದು ತೋರಿಸಿದರು.

"ಇದ್ರಲ್ಲಿ ಮುಖ ತುಂಬ ಚೆನ್ನಾಗಿ ಬಂದಿದೆ ಸಾರ್" ಎಂದರು ರಾವ್.

"ಅದು ಗೈಡಿನ ಬ್ಯಾಗು" ಎಂದರು ಇವರು.

ಇದೇ ಸಮಯವೆಂದು ನಾನು ನನ್ನ ಕತೆ ಹೇಳಿದೆ. ಶ್ರೀಮತಿ ರಾವ್ ಕುತೂಹಲದಿಂದ ಕೇಳಿ, "ಅದರ ಫೋಟೋ ಎಲ್ಲಿ?" ಎಂದರು. ಕ್ಯಾಮೆರಾ ಇವರ ಬಳಿ ಇತ್ತು ಎಂದೆ. "ಓ, ಹಾಗಾ..." ಎಂದು ಇನ್ನೊಂದು ಬೋಂಡಾ ತೆಗೆದುಕೊಂಡರು. ಅಲ್ಲಿಗೆ ನನ್ನ ಚಿಂಪಾಂಜಿ ಖಲಾಸ್.

"ಗುಡ್ ಮಾರ್ನಿಂಗ್ ಬೇರೆ ಹೇಳಿದಾಳಂತೆ ಕಣ್ರೀ ಅದಕ್ಕೆ!" ಎಂದು ಇವರು ಉಳಿದದ್ದನ್ನೂ ಹರಾಜಿಗಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕು, ಎರಡನೆಯ ಸುತ್ತಿನ ಕಾಫಿಗೆ ಒಳಗೆ ಹೋದೆ. ನಗೆಪಾಟಲಾದರೂ ಕಾಫಿ ಕೊಡುವುದು ತಪ್ಪುತ್ತದೆಯೇ?

ವಿಮಲಕ್ಕ ಖಾಲಿ ಲೋಟಗಳನ್ನು ಹಿಡಿದು ಹಿಂದೆಯೇ ಬಂದರು. ನಲ್ಲಿ ತಿರುಗಿಸಿ ತೊಳೆಯತೊಡಗಿದರು. ಚಟ್ನಿಗೆ ಹುಳಿ ಸ್ವಲ್ಪ ಜಾಸ್ತಿಯಾಯಿತು ಎಂದರು. ನಾನು ಹಾಲು ಉಕ್ಕುವುದನ್ನೇ ನೋಡುತ್ತಾ ನಿಂತಿದ್ದೆ.

"ಪಾಪ, ಆ ಚಿಂಪಾಂಜಿದೂ ಇದೇ ಕತೆ ಆಗಿರ್ಬಹುದು" ಎಂದರು ವಿಮಲಕ್ಕ, ಲೋಟ ಬೋರಲು ಹಾಕುತ್ತಾ. "ಮನೆಗೆ ಹೋಗಿ, ಒಂದು ಹೆಂಗಸು ಎದ್ದು ನಿಂತು ಮರ್ಯಾದೆ ಕೊಟ್ಟಿತು ಅಂತ ಹೇಳಿದ್ರೆ ಅದರ ಗಂಡ ನಂಬ್ಲಿಕ್ಕುಂಟಾ ಮಾರಾಯ್ರೆ?"